ಮೀನಾಕಾರಿ ಮನೆತನ ಮತ್ತು ಕಬ್ಬಿಣದ ಭಿಕ್ಷೆ: ಕುಲಕಸುಬಿನ ಪರಿಕಲ್ಪನೆಯ ಒಂದು ಪರಾಮರ್ಶೆ

1

ಕರಕುಶಲ ಕಲೆಗಳನ್ನು ಕುರಿತ ನಮ್ಮ ಬರಹಗಳಲ್ಲಿ ‘ವಂಶಪಾರಂಪರ್ಯವಾಗಿ ಬಂದ’ ಎಂಬ ವಿಶೇಷಣವು ಬಹುಮಟ್ಟಿಗೆ ಪರೀಕ್ಷೆಗೊಳಗಾಗದೆ ಬಳಕೆಯಾಗುತ್ತ ಬಂದಿದೆ. ಒಂದು ಕಸುಬು ತಂದೆಯಿಂದ ಮಗನಿಗೆ ಸಂದಿದೆ ಎಂದು ಹೇಳಿದೊಡನೆ ಅದರ ಪ್ರಾಚೀನತೆ, ಶುದ್ಧತೆ ಮತ್ತು ಮೌಲ್ಯಗಳೆಲ್ಲ ಸಿದ್ಧವಾದಂತೆ ಭಾವಿಸಲಾಗುತ್ತದೆ. ಆದರೆ ಮನೆತನವೆಂಬುದು ಕಲೆಯೊಂದನ್ನು ಹೇಗೆ ಉಳಿಸುತ್ತದೆ, ಉಳಿಸುವ ಕ್ರಮದಲ್ಲಿಯೇ ಅದನ್ನು ಯಾರಿಂದ ಮರೆಮಾಡುತ್ತದೆ, ಮನೆಯ ಹೊರಗಿರುವ ಯಾವ ಯಾವ ಕೈಗಳಿಗೆ ಅದು ಋಣಿಯಾಗಿರುತ್ತದೆ ಎಂಬ ಪ್ರಶ್ನೆಗಳು ನಮ್ಮ ವಿಮರ್ಶೆಯಲ್ಲಿ ಅಷ್ಟಾಗಿ ಎತ್ತಲ್ಪಟ್ಟಿಲ್ಲ. ಪ್ರಸ್ತುತ ಲೇಖನವು ಮೀನಾಕಾರಿ ಆಭರಣಗಳ ತಯಾರಿಕೆಯ ಪರಂಪರೆಯನ್ನು ನಿಮಿತ್ತವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುತ್ತದೆ.

ಮೀನಾಕಾರಿ ಎಂದರೆ ಬಣ್ಣದ ಗಾಜಿನ ಪುಡಿಯನ್ನು ಲೋಹದ ಮೇಲೆ ಇಟ್ಟು, ಬೆಂಕಿಯಲ್ಲಿ ಕರಗಿಸಿ, ಲೋಹದೊಡನೆ ಒಂದಾಗಿಸುವ ಕಲೆ. ಈ ಕಲೆಯ ಹೆಸರಾಂತ ಮನೆತನಗಳಿರುವುದು ಜಯಪುರ ಹಾಗೂ ವಾರಾಣಸಿಗಳಲ್ಲಿ. ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯ ಸುತ್ತಿನ ಸೀಮೆಯಲ್ಲಿ ಇದಕ್ಕೆ ಸಮೀಪವಾದುದು ಅಕ್ಕಸಾಲೆಯ ಕಸುಬು. ಇಲ್ಲಿ ಬಣ್ಣ ಬೇಕಾದಾಗ ಅದು ಕೆಂಪು, ಪಚ್ಚೆ, ಮುತ್ತುಗಳಿಂದ ಬರುತ್ತದೆಯೇ ಹೊರತು ಕರಗಿದ ಗಾಜಿನಿಂದಲ್ಲ. ಹೀಗಿದ್ದೂ ಜಯಪುರದ ಕಲೆಯನ್ನು ಈ ಸೀಮೆಯಿಂದ ನೋಡುವುದಕ್ಕೆ ಬಲವಾದ ಕಾರಣವಿದೆ. ಲೋಹದ ಕೆಲಸದ ಮನೆತನಗಳ ಬಗ್ಗೆ ಅತ್ಯಂತ ನಿಷ್ಠುರವಾದ ಪ್ರಶ್ನೆಯನ್ನು ಕೇಳಿರುವ ಕಾವ್ಯವೊಂದು ಇದೇ ನೆಲದಲ್ಲಿ ಹಾಡಲ್ಪಡುತ್ತಿದೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರು ಹಾಡುವ ಹಲಗೂರು ಪಾಂಚಾಳರ ಪ್ರಸಂಗವೇ ಅದು. ಚಾಮರಾಜನಗರದಿಂದ ಸಂತೆಮರಹಳ್ಳಿ, ಯಳಂದೂರು, ಕೊಳ್ಳೇಗಾಲ, ಮಳವಳ್ಳಿಗಳನ್ನು ಹಾದು ಬೆಂಗಳೂರಿನತ್ತ ಸಾಗುವ ಹೆದ್ದಾರಿಯ ಮೇಲೆಯೇ ಹಲಗೂರು ಇದೆ. ಕುಶಲಕರ್ಮಿಯನ್ನು ಅರಸರು, ಅಧಿಕಾರಿಗಳು, ಕಲಾಚಿಂತಕರು ಹೇಗೆ ಕಂಡರೆಂಬುದಕ್ಕೆ ದಾಖಲೆಗಳು ಹೇರಳವಾಗಿವೆ. ಅವನ ಬಾಗಿಲಲ್ಲಿ ಬೇಡಿ ನಿಂತವರು ಹೇಗೆ ಕಂಡರೆಂಬುದಕ್ಕೆ ದೊರೆಯುವ ವಿರಳ ಸಾಕ್ಷ್ಯಗಳಲ್ಲಿ ಈ ಪ್ರಸಂಗವೂ ಒಂದು.

2

ಮೀನಾಕಾರಿಯನ್ನು ಕುರಿತ ಬರಹಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದರೆ ಕುತೂಹಲಕರವಾದ ಒಂದು ಪಲ್ಲಟ ಕಾಣುತ್ತದೆ. ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲ್ ರಚಿಸಿದ ‘ಐನ್-ಇ-ಅಕ್ಬರಿ’ಯು ಅರಮನೆಯ ಆಭರಣ ಕೆಲಸಗಾರರ ವರ್ಗಗಳಲ್ಲಿ ಮೀನಾಕಾರನನ್ನೂ ಸೇರಿಸುತ್ತದೆ. ಬಟ್ಟಲು, ಹೂಜಿ, ಉಂಗುರ ಮುಂತಾದವುಗಳ ಮೇಲೆ ಅವನು ಬಣ್ಣ ಕೂರಿಸುವ ಕ್ರಮವನ್ನು, ಅದನ್ನು ಹಲವು ಬಾರಿ ಬೆಂಕಿಗಿಡುವುದನ್ನು ಹೇಳಿ, ತೊಲ ಚಿನ್ನದ ಕೆಲಸಕ್ಕೆ 16 ದಾಮ್, ತೊಲ ಬೆಳ್ಳಿಯ ಕೆಲಸಕ್ಕೆ 7 ದಾಮ್ ಕೂಲಿಯನ್ನು ನಮೂದಿಸುತ್ತದೆ. ಕೆಲಸದ ಬಗೆ ಮತ್ತು ಕೂಲಿ ಇವೆರಡೇ ಇಲ್ಲಿ ಮುಖ್ಯ. ಕೆಲಸಗಾರನು ಯಾರ ಮಗ, ಯಾವ ಮನೆತನದವನು ಎಂಬುದು ಆ ಟಿಪ್ಪಣಿಯಲ್ಲಿ ಬರುವುದಿಲ್ಲ.

ಮುನ್ನೂರು ವರ್ಷಗಳ ಅನಂತರ, 1886ರಲ್ಲಿ ಸ್ಯಾಮ್ಯುಯೆಲ್ ಸ್ವಿಂಟನ್ ಜೇಕಬ್ ಮತ್ತು ಥಾಮಸ್ ಹೋಲ್ಬೈನ್ ಹೆಂಡ್ಲಿ ಅವರ ‘ಜೇಪೋರ್ ಎನಾಮಲ್ಸ್’ ಪ್ರಕಟವಾಯಿತು. ಹೆಂಡ್ಲಿ ವೃತ್ತಿಯಿಂದ ವೈದ್ಯ. 1883ರ ಜಯಪುರ ಪ್ರದರ್ಶನದ ಏರ್ಪಾಟಿನಲ್ಲಿ ಅವರ ಪಾತ್ರ ದೊಡ್ಡದು. ಅಂಬೇರದ ರಾಜಾ ಮಾನಸಿಂಹನು ಲಾಹೋರಿನಿಂದ ಸಿಖ್ ಮೀನಾಕಾರರ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದನೆಂಬ ಐತಿಹ್ಯವು ಇಂಥ ಬರಹಗಳ ಮೂಲಕ ಮುದ್ರಿತ ಇತಿಹಾಸದೊಳಕ್ಕೆ ಪ್ರವೇಶಿಸಿತು. ವಸಾಹತುಶಾಹಿ ಕಾಲದ ವಸ್ತುಪ್ರದರ್ಶನಗಳಿಗೆ ಒಂದು ವಂಶಾವಳಿ ಅಗತ್ಯವಾಗಿತ್ತು. ಯಂತ್ರದ ಸರಕಿನಿಂದ ಕೈಕೆಲಸವನ್ನು ಬೇರ್ಪಡಿಸಿ ತೋರಿಸುವುದಕ್ಕೆ ಕುಶಲಕರ್ಮಿಯ ಪೂರ್ವಜರು ನೆರವಾದರು.

ಮೂರನೆಯ ಘಟ್ಟ ಸ್ವಾತಂತ್ರ್ಯೋತ್ತರ ಕಾಲದ್ದು. ಅಖಿಲ ಭಾರತ ಕರಕುಶಲ ಮಂಡಳಿ 1952ರಲ್ಲಿ ಸ್ಥಾಪನೆಯಾಗಿ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ನೇತೃತ್ವದಲ್ಲಿ ಕುಶಲಕರ್ಮಿಗಳಿಗೆ ರಾಷ್ಟ್ರಮಟ್ಟದ ಮನ್ನಣೆ ದೊರೆಯುವ ವಾತಾವರಣ ನಿರ್ಮಾಣವಾಯಿತು. ಜಯಪುರದ ಮೀನಾಕಾರ ಸರ್ದಾರ್ ಕುದ್ರತ್ ಸಿಂಗ್ ಅವರಿಗೆ 1988ರಲ್ಲಿ ಪದ್ಮಶ್ರೀ ಸಂದಿತು. ಇಲ್ಲಿ ಮೊದಲ ಬಾರಿಗೆ ಕೆಲಸಗಾರನ ಹೆಸರು ಕೆಲಸಕ್ಕಿಂತ ಮುಂದೆ ಬಂದಿತು. ಇದು ನ್ಯಾಯವಾದ ಗೌರವವೇ ಸರಿ.

ಹೀಗೆ ಕೂಲಿ, ವಂಶ, ವ್ಯಕ್ತಿ ಎಂಬ ಮೂರು ಬಗೆಯ ದಾಖಲಾತಿಗಳು ನಮ್ಮ ಮುಂದಿವೆ. ಪ್ರತಿಯೊಂದೂ ಒಂದನ್ನು ಬೆಳಕಿಗೆ ತಂದು ಇನ್ನೊಂದನ್ನು ಮಸುಕಾಗಿಸಿದೆ. ಮೊಗಲರ ಲೆಕ್ಕದಲ್ಲಿ ಮನುಷ್ಯನ ಹೆಸರಿಲ್ಲ. ಅನಂತರದ ಹೊಗಳಿಕೆಯಲ್ಲಿ ಕೂಲಿಯ ಮಾತು ಹಿಂದೆ ಸರಿಯುತ್ತದೆ. ಕುಟುಂಬ ಪರಂಪರೆಯ ಬಗ್ಗೆ ಇಂದು ಬರೆಯುವವರು ಎರಡನೆಯ ಮತ್ತು ಮೂರನೆಯ ಬಗೆಯನ್ನು ಅನುಸರಿಸುತ್ತಾರೆ. ಮೊದಲನೆಯದರಲ್ಲಿದ್ದ ಪ್ರಕ್ರಿಯೆಯ ಮತ್ತು ಪ್ರತಿಫಲದ ಖಚಿತತೆ ಕಳೆದುಹೋಗಿದೆ.

3

ಪ್ರಕ್ರಿಯೆಯನ್ನೇ ಹತ್ತಿರದಿಂದ ನೋಡಿದರೆ ‘ಮನೆತನದ ಕಲೆ’ ಎಂಬ ಮಾತಿನ ಅರ್ಥವ್ಯಾಪ್ತಿ ಬದಲಾಗುತ್ತದೆ. ಜಯಪುರದ ಸಾಂಪ್ರದಾಯಿಕ ಕ್ರಮದಲ್ಲಿ ಚಿತ್ರ ಬರೆಯುವವನು ಚಿತೇರಾ. ಚಿನ್ನವನ್ನು ಬಡಿದು ಆಕಾರ ಕೊಡುವವನು ಸುನಾರ್. ಬಣ್ಣ ನಿಲ್ಲಬೇಕಾದ ಜಾಗವನ್ನು ಕೊರೆದು ತಗ್ಗು ಮಾಡುವ ಕೆತ್ತನೆಗಾರ ಬೇರೊಬ್ಬ. ಅವನ ಬಳಿಕ ಮೀನಾಕಾರನ ಸರದಿ. ಆಮೇಲೆ ಕಲ್ಲು ಕೂರಿಸುವ ಜಡಿಯಾ, ಕೊನೆಗೆ ರೇಷ್ಮೆದಾರದಲ್ಲಿ ಪೋಣಿಸುವ ಪಟವಾ. ಒಂದು ಕಂಠಾಭರಣವು ಇಷ್ಟು ಜನರ ಕೈ ದಾಟಿ ಬರುತ್ತದೆ. ಮೀನಾಕಾರನ ಮನೆ ಈ ಸರಪಳಿಯ ಒಂದು ಕೊಂಡಿ ಮಾತ್ರ.

ಕೆತ್ತನೆಯ ತಗ್ಗುಗಳಲ್ಲಿ ಸಣ್ಣ ಗೆರೆಗಳನ್ನು ಗೀರಿರುತ್ತಾರೆ. ಅವು ಗಾಜಿಗೆ ಹಿಡಿತ ಕೊಡುತ್ತವೆ. ಪಾರದರ್ಶಕ ಬಣ್ಣದ ಅಡಿಯಿಂದ ಬೆಳಕನ್ನು ಚದುರಿಸಿ ಹೊಳಪನ್ನು ಹೆಚ್ಚಿಸುತ್ತವೆ. ಗಾಜನ್ನು ನುಣ್ಣಗೆ ಅರೆದು, ನೀರಿನಲ್ಲಿ ತೊಳೆದು, ಒದ್ದೆಯಾಗಿಯೇ ತಗ್ಗಿನಲ್ಲಿ ತುಂಬಿ, ಒಣಗಿಸಿ ಕುಲುಮೆಗೆ ಇಡಲಾಗುತ್ತದೆ. ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಹಸಿರು, ತವರದ ಆಕ್ಸೈಡಿನಿಂದ ಅಪಾರದರ್ಶಕವಾದ ಬಿಳಿ. ಎಲ್ಲ ಬಣ್ಣಗಳೂ ಒಂದೇ ಕಾವನ್ನು ತಡೆಯುವುದಿಲ್ಲ. ಆದ್ದರಿಂದ ಹೆಚ್ಚು ಕಾವು ತಾಳುವ ಬಿಳಿಯನ್ನು ಮೊದಲು, ಕೆಂಪನ್ನು ಕೊನೆಗೆ ಬೇಯಿಸುತ್ತಾರೆ. ಕಾವು ಸುಮಾರು 800 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನದು; ಸ್ವಲ್ಪ ತಡವಾದರೂ ಹಿಂದಿನ ಬಣ್ಣಗಳು ಕೆಡುತ್ತವೆ. ಕುಲುಮೆಯ ಬೆಳಕಿನ ಬಣ್ಣವನ್ನು ನೋಡಿಯೇ ಕಾವನ್ನು ಅಳೆಯುವ ಕಣ್ಣಿನ ಅಭ್ಯಾಸವನ್ನು ಬರಹದಲ್ಲಿ ದಾಟಿಸುವುದು ಕಷ್ಟ. ಬಾಲ್ಯದಿಂದ ಕುಲುಮೆಯ ಪಕ್ಕದಲ್ಲಿ ಕುಳಿತವನಿಗೆ ಅದು ದಕ್ಕುತ್ತದೆ. ಆನಂದ ಕುಮಾರಸ್ವಾಮಿಯವರು ‘ದಿ ಇಂಡಿಯನ್ ಕ್ರಾಫ್ಟ್ಸ್‌ಮನ್’ (1909) ಕೃತಿಯಲ್ಲಿ ಮನೆಯೇ ಕಾರ್ಯಾಗಾರವಾಗಿರುವ ಕಲಿಕೆಯನ್ನು ಎತ್ತಿಹಿಡಿದಾಗ ಅವರ ಮನಸ್ಸಿನಲ್ಲಿದ್ದುದು ಈ ಬಗೆಯ ಜ್ಞಾನವೇ. ಆ ಮಟ್ಟಿಗೆ ಅವರ ಮಾತು ಇಂದಿಗೂ ಸತ್ಯವಾಗಿದೆ.

ಆದರೆ ಇನ್ನೊಂದು ಸಂಗತಿಯನ್ನು ಇದರ ಜೊತೆಗೇ ಇಟ್ಟು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ವರದಿಗಳ ಪ್ರಕಾರ ಜಯಪುರದ ಮೀನಾಕಾರರು ಬಣ್ಣದ ಗಾಜಿನ ಗಟ್ಟಿಗಳನ್ನು ಲಾಹೋರಿನಿಂದ ತರಿಸಿಕೊಳ್ಳುತ್ತಿದ್ದರು. ಅಲ್ಲಿ ಅವನ್ನು ತಯಾರಿಸುತ್ತಿದ್ದವರು ಮುಸ್ಲಿಮ್ ಮಣಿಹಾರರು, ಎಂದರೆ ಗಾಜಿನ ಬಳೆಯ ಕಸುಬಿನವರು. ಯಾವ ಬಣ್ಣವು ಮೀನಾಕಾರನ ಮನೆಯ ಗುಟ್ಟೆಂದು ಹೊಗಳಲ್ಪಟ್ಟಿತೋ ಆ ಬಣ್ಣದ ಮೂಲದ್ರವ್ಯವು ಇನ್ನೊಂದು ಊರಿನ, ಇನ್ನೊಂದು ಧರ್ಮದ, ಇನ್ನೊಂದು ಕಸುಬಿನ ಮನೆಯಿಂದ ಬರುತ್ತಿತ್ತು. ಮನೆಯ ಒಳಗಿದ್ದುದು ಬಣ್ಣವನ್ನು ಕೂರಿಸಿ ಬೇಯಿಸುವ ಕೌಶಲ. ಅದು ಸಣ್ಣದೇನೂ ಅಲ್ಲ. ಆದರೂ ಪರಂಪರೆಯ ವರ್ಣನೆಯಲ್ಲಿ ಮಣಿಹಾರನು ಕಾಣಿಸದೆ ಹೋದುದನ್ನು ವಿಮರ್ಶೆಯು ಗಮನಿಸಲೇಬೇಕು. ವಂಶವೃಕ್ಷದ ಭಾಷೆಗೆ ತಂದೆ ಮಗನ ಸಂಬಂಧ ತಿಳಿಯುತ್ತದೆ; ಕೊಡುವವನ ಮತ್ತು ಕೊಳ್ಳುವವನ ಸಂಬಂಧ ತಿಳಿಯುವುದಿಲ್ಲ. ಕುಮಾರಸ್ವಾಮಿಯವರ ಆದರ್ಶದ ಮಿತಿ ಇರುವುದು ಇಲ್ಲಿ.

4

ಈಗ ನಮ್ಮ ಸೀಮೆಯ ಅಕ್ಕಸಾಲೆಗೆ ಬರಬಹುದು. ಅಕ್ಕಸಾಲೆ ಎಂಬ ಪದವನ್ನು ಸಂಸ್ಕೃತದ ‘ಅಕ್ಷಶಾಲೆ’ಗೆ ಸಂಬಂಧಿಸುವ ವಿದ್ವಾಂಸರಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುವರ್ಣಾಧ್ಯಕ್ಷನ ಅಕ್ಷಶಾಲೆಯ ವಿವರವಿದೆ. ಅದಕ್ಕೆ ಒಂದೇ ಬಾಗಿಲು, ಸಂಬಂಧಪಡದವರಿಗೆ ಪ್ರವೇಶವಿಲ್ಲ, ಕುಲುಮೆ ಊದುವವನಿಂದ ದೂಳು ತೊಳೆಯುವವನವರೆಗೆ ಎಲ್ಲರನ್ನೂ ಒಳಗೆ ಬರುವಾಗ, ಹೊರಗೆ ಹೋಗುವಾಗ ಶೋಧಿಸಬೇಕು. ಅಲ್ಲಿ ಗುಟ್ಟು ಮತ್ತು ಕಾವಲು ಪ್ರಭುತ್ವದ್ದು. ಅನುಮಾನಕ್ಕೆ ಒಳಗಾದವನು ಕೆಲಸಗಾರ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡನೆಂಬ ಕನ್ನಡದ ಗಾದೆಯಲ್ಲಿ ಅದೇ ಅನುಮಾನವು ಊರಿನ ಮಾತಾಗಿ ಉಳಿದಿದೆ. ಅಲ್ಲಿ ಬರುವ ದೂಳು ತೊಳೆಯುವವನಿಗೂ ಕನ್ನಡದಲ್ಲಿ ಹೆಸರುಂಟು. ಅಕ್ಕಸಾಲಿಗರ ಅಂಗಡಿಯ ಕಸವನ್ನು ತೊಳೆದು ಚಿನ್ನದ ಕಣ ಹೆಕ್ಕುವವನನ್ನು ‘ಜಲಗಾರ’ ಎನ್ನುತ್ತಿದ್ದರು. ಕುವೆಂಪು ಅವರ ನಾಟಕದಿಂದಾಗಿ ಬೀದಿ ಗುಡಿಸುವವನೆಂಬ ಅರ್ಥದಲ್ಲಿ ಇಂದು ನಮಗೆ ಪರಿಚಿತವಾಗಿರುವ ಈ ಪದವು ಅಕ್ಕಸಾಲೆಯ ಹೊಸ್ತಿಲಿನಲ್ಲಿಯೇ ಬದುಕಿದ ಒಂದು ಜೀವನೋಪಾಯದ ನೆನಪನ್ನು ಹೊತ್ತಿದೆ. ಆಭರಣ ಕಲೆಯನ್ನು ಕುರಿತ ನಮ್ಮ ಬರಹಗಳಲ್ಲಿ ಜಲಗಾರನಿಗೂ ಮಣಿಹಾರನಂತೆಯೇ ಜಾಗವಿಲ್ಲ.

ಪದಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ. ಉತ್ತರದವರು ಕುಂದನ್ ಎನ್ನುವುದಕ್ಕೆ ಕನ್ನಡದಲ್ಲಿ ‘ಕುಂದಣ’ ಎಂಬ ಪದ ಬೇರೂರಿದೆ. ಅಪರಂಜಿಯನ್ನು ಒತ್ತಿ ರತ್ನವನ್ನು ಕೂರಿಸುವ ಕೆಲಸ ಅದು. ಜಯಪುರದ ಒಡವೆಗಳಲ್ಲಿ ಕುಂದಣ ಮತ್ತು ಮೀನಾ ಜೋಡಿಯಾಗಿ ಇರುತ್ತವೆ: ಎದುರಿಗೆ ಕಲ್ಲು, ಹಿಂಬದಿಗೆ ಬಣ್ಣ. ಮೈಗೆ ತಾಗುವ ಬದಿಯ ಮೆದು ಚಿನ್ನ ಸವೆಯದಂತೆ ಮೀನಾ ಅದನ್ನು ಕಾಯುತ್ತದೆ. ಕನ್ನಡವು ಈ ಜೋಡಿಯಲ್ಲಿ ಒಂದಕ್ಕೆ ತನ್ನದೇ ಎನ್ನಬಹುದಾದ ಪದವನ್ನು ಇಟ್ಟುಕೊಂಡಿದೆ. ಇನ್ನೊಂದಕ್ಕೆ ಮೀನಾ, ಎನಾಮಲ್ ಎಂಬ ಎರವಲುಗಳನ್ನೇ ಬಳಸುತ್ತದೆ. ಹಾಗೆಂದು ದಕ್ಷಿಣಕ್ಕೆ ಈ ಕಲೆ ಅಪರಿಚಿತವಾಗಿತ್ತೆಂದಲ್ಲ. ಹೈದರಾಬಾದಿನ ಆಸ್ಥಾನದ ಆಭರಣಗಳಲ್ಲಿ ಮೀನಾ ಕೆಲಸವಿದೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳ ಒಡವೆಗಳಲ್ಲಿ ಅದು ನೆಲೆಯೂರಲಿಲ್ಲ.

ಇದಕ್ಕೆ ಕಾರಣವನ್ನು ಕೌಶಲದ ಕೊರತೆಯಲ್ಲಿ ಹುಡುಕುವುದಕ್ಕಿಂತ ಒಡವೆಯ ಬಳಕೆಯಲ್ಲಿ ಹುಡುಕುವುದು ಸಮಂಜಸ. ಸಂತೆಮರಹಳ್ಳಿ ತನ್ನ ಹೆಸರಿನಲ್ಲಿಯೇ ಸಂತೆಯನ್ನು ಉಳ್ಳ ಊರು. ರೇಷ್ಮೆಯ ಬೆಳೆ, ದನಕರು, ದವಸಗಳ ವ್ಯವಹಾರದ ಈ ಸೀಮೆಯಲ್ಲಿ ಓಲೆ, ಬುಗುಡಿ, ಅಡ್ಡಿಕೆ, ಕಾಸಿನ ಸರ, ಬೆಳ್ಳಿಯ ಕಡಗ, ಕಾಲುಂಗುರ, ಉಡಿದಾರಗಳು ಅಲಂಕಾರವೂ ಹೌದು, ಮನೆಯ ಆಪದ್ಧನವೂ ಹೌದು. ಮಳೆ ಕೈಕೊಟ್ಟ ವರ್ಷ ಅಡವಿಡುವುದಕ್ಕೆ, ಮಗಳ ಮದುವೆಯಲ್ಲಿ ಮುರಿಸಿ ಹೊಸದಾಗಿ ಮಾಡಿಸುವುದಕ್ಕೆ ಒಡವೆ ಬೇಕು. ತಕ್ಕಡಿಯಲ್ಲಿ ಮೀನಾ ತೂಗುತ್ತದೆ, ಆದರೆ ಅದು ಚಿನ್ನವಲ್ಲ. ಕರಗಿಸಿದಾಗ ಅದರ ಬೆಲೆ ಮರಳಿ ಬರುವುದಿಲ್ಲ. ಕರಗಿಸುವ ಉದ್ದೇಶವಿಲ್ಲದವರ, ಎಂದರೆ ಅರಮನೆಯ ಮತ್ತು ಸಿರಿವಂತರ ಒಡವೆಯಾಗಿ ಮೀನಾಕಾರಿ ಬೆಳೆಯಿತು. ಲಿಂಗಾಯತ ಮನೆಗಳ ಬೆಳ್ಳಿಯ ಕರಡಿಗೆಯಂತಹ ವಸ್ತುವಿನಲ್ಲಿ ನಮ್ಮ ಸೀಮೆಯ ಕುಸುರಿಯು ಬಣ್ಣದ ಹಂಗಿಲ್ಲದೆ ಲೋಹದ ಮೈಯಲ್ಲಿಯೇ ಅರಳಿತು.

ಕರಗಿಸುವ ಈ ರೂಢಿಯು ಇನ್ನೊಂದು ಪರಿಣಾಮವನ್ನೂ ಉಂಟುಮಾಡಿದೆ. ಸಂತೆಮರಹಳ್ಳಿಗೆ ಹತ್ತಿರದ ಸೋಮನಾಥಪುರದ ಹದಿಮೂರನೆಯ ಶತಮಾನದ ಕೇಶವ ದೇವಾಲಯದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಹಲವು ವಿಗ್ರಹಗಳ ಪೀಠದಲ್ಲಿ ಕೊರೆಯಲ್ಪಟ್ಟಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳು ದೊರೆಯುತ್ತವೆ. ಒಂದೇ ಕುಟುಂಬದ ಎರಡು ತಲೆಮಾರುಗಳ ಕೆಲಸವನ್ನು ಇಲ್ಲಿ ಕಲ್ಲೇ ಸಾಕ್ಷಿ ಹೇಳುತ್ತದೆ. ಅದೇ ಪಾಂಚಾಳ ಸಮುದಾಯದ ಅಕ್ಕಸಾಲಿಗನಿಗೆ ಈ ಭಾಗ್ಯವಿಲ್ಲ. ಅಜ್ಜ ಮಾಡಿದ ಸರವನ್ನು ಮೊಮ್ಮಗನೇ ಮೂಸೆಯಲ್ಲಿ ಕರಗಿಸಿ ಬೇರೆ ಸರ ಮಾಡುತ್ತಾನೆ. ವಸ್ತು ಉಳಿಯದ ಕಡೆ ವಸ್ತುವಿನ ಇತಿಹಾಸವನ್ನು ಬರೆಯುವುದು ಕಷ್ಟ. ಹೀಗಾಗಿ ಅಕ್ಕಸಾಲೆಯ ಚರಿತ್ರೆಗೆ ಮನೆಯವರ ಕೈಯ ಅಭ್ಯಾಸ ಮತ್ತು ಬಾಯಿಯ ಮಾತು ಇವೇ ಮುಖ್ಯ ಆಕರಗಳಾಗಿ ಉಳಿಯುತ್ತವೆ. ಮನೆ ಕಸುಬು ಬಿಟ್ಟ ದಿನ ಆ ಆಕರವೂ ಮುಚ್ಚುತ್ತದೆ. ಕುಟುಂಬ ಪರಂಪರೆಯ ಅಧ್ಯಯನವು ಅವಸರದ ಕೆಲಸವಾಗಿರುವುದು ಈ ಕಾರಣದಿಂದ.

5

ಮನೆತನವು ಜ್ಞಾನದ ಏಕೈಕ ಭಂಡಾರವಾದಾಗ ಅದರ ಬಾಗಿಲಿನ ಪ್ರಶ್ನೆ ಏಳುತ್ತದೆ. ಹಲಗೂರು ಪಾಂಚಾಳರ ಪ್ರಸಂಗದ ವಸ್ತು ಇದೇ ಆಗಿದೆ. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದ ಮಂಟೇಸ್ವಾಮಿ ಕಾವ್ಯವೂ ಸೇರಿದಂತೆ ಈ ಕಥನದ ಹಲವು ಪಾಠಗಳು ಅಚ್ಚಾಗಿವೆ. ವಿವರಗಳಲ್ಲಿ ವ್ಯತ್ಯಾಸಗಳಿದ್ದರೂ ಪ್ರಸಂಗದ ಹಂದರ ಇಷ್ಟು: ಕಲ್ಯಾಣದಿಂದ ದಕ್ಷಿಣಕ್ಕೆ ಬಂದ ಮಂಟೇಸ್ವಾಮಿಯು ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗಾಗಿ ಕಳುಹಿಸುತ್ತಾನೆ. ಸಿರಿವಂತರಾದ ಪಾಂಚಾಳರು ಕೊಡಲೊಪ್ಪದೆ ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಅವನು ಎಲ್ಲವನ್ನೂ ಗೆಲ್ಲುತ್ತಾನೆ. ಪಾಂಚಾಳರು ಕೊನೆಗೆ ಶರಣಾಗುತ್ತಾರೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅಹಂಕಾರದ ಮೇಲೆ ಭಕ್ತಿಯ ಜಯವೆಂದು, ಉಳ್ಳವರ ವಿರುದ್ಧ ಇಲ್ಲದವರ ಪ್ರತಿಭಟನೆಯೆಂದು ಓದಲಾಗುತ್ತದೆ. ಎರಡೂ ಓದುಗಳು ಸಾಧುವೇ. ಆದರೆ ಕಸುಬಿನ ದೃಷ್ಟಿಯಿಂದ ನೋಡಿದಾಗ ಎರಡು ಅಂಶಗಳು ಹೊಸದಾಗಿ ಕಾಣುತ್ತವೆ. ಮೊದಲನೆಯದು ಭಿಕ್ಷೆಯ ವಸ್ತು. ಅನ್ನವನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಬ್ಬಿಣವನ್ನು ಬೇಡಲಾಗಿದೆ. ನೇಗಿಲಿಗೆ, ಕುಡುಗೋಲಿಗೆ, ಕೊಡಲಿಗೆ ಎಲ್ಲರಿಗೂ ಬೇಕಾದ ಲೋಹ ಅದು. ಒಂದು ಕುಲದ ಕೈಯಲ್ಲಿರುವ ಸರ್ವೋಪಯೋಗಿ ವಸ್ತುವಿನ ಮೇಲೆ ಸಮಾಜಕ್ಕೆ ಹಕ್ಕುಂಟೇ ಎಂಬ ಪ್ರಶ್ನೆ ಈ ಬೇಡಿಕೆಯಲ್ಲಿ ಅಡಗಿದೆ. ಎರಡನೆಯದು ಬೇಡುವವನ ಹಿನ್ನೆಲೆ. ಸಿದ್ದಪ್ಪಾಜಿಯ ಹಿಂದಿನ ಹೆಸರು ಕೆಂಪಾಚಾರಿ. ಹೆಸರೇ ಸೂಚಿಸುವಂತೆ ಅವನೂ ಆಚಾರಿಗಳ ಮನೆಯಲ್ಲಿ ಹುಟ್ಟಿದವನು; ಗುರುವಿನ ಹಿಂದೆ ನಡೆದು ಮನೆಯನ್ನೂ ಕುಲವನ್ನೂ ತೊರೆದವನು. ಎಂದರೆ ಕಸುಬಿನ ಮನೆಯಿಂದ ಹೊರಬಂದವನೇ ಕಸುಬಿನ ಮನೆಗಳ ಬಾಗಿಲಲ್ಲಿ ಭಿಕ್ಷುಕನಾಗಿ ನಿಲ್ಲುತ್ತಾನೆ. ಕಾವ್ಯವು ಪಾಂಚಾಳರನ್ನು ಹೊರಗಿನವರಿಂದ ಟೀಕಿಸದೆ ಅವರ ಒಳಗಿನಿಂದಲೇ ಎದ್ದ ವ್ಯಕ್ತಿಯೊಬ್ಬನ ಮೂಲಕ ಪರೀಕ್ಷಿಸುತ್ತದೆ. ಕೌಶಲವನ್ನು ಅದು ನಿರಾಕರಿಸುವುದಿಲ್ಲ. ಕೌಶಲದ ಒಡೆತನವನ್ನು ಪ್ರಶ್ನಿಸುತ್ತದೆ.

ಪಾಂಚಾಳರ ಪಕ್ಷವನ್ನೂ ಇಲ್ಲಿ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾಗುತ್ತದೆ. 1800-1801ರಲ್ಲಿ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕನನ್ ಪಾಂಚಾಳರನ್ನು ಎಡಗೈ ಬಣದ ಮುಂದಾಳುಗಳೆಂದು ಗುರುತಿಸುತ್ತಾನೆ. ಎಡಗೈ ಬಲಗೈ ಬಣಗಳ ನಡುವಣ ಮರ್ಯಾದೆಯ ಜಗಳಗಳನ್ನೂ ದಾಖಲಿಸುತ್ತಾನೆ. ಪ್ರಭುತ್ವದ ಶೋಧನೆ, ಊರಿನ ಗಾದೆಯ ಅನುಮಾನ, ಬಣಗಳ ಪೈಪೋಟಿ ಇವುಗಳ ನಡುವೆ ಬದುಕಿದ ಸಮುದಾಯಕ್ಕೆ ಕಸುಬಿನ ಗುಟ್ಟು ಒಂದು ರಕ್ಷಾಕವಚವೂ ಆಗಿತ್ತು. ನೆಲದ ಒಡೆತನ ಕಡಿಮೆಯಿದ್ದವನಿಗೆ ಕೈಯ ವಿದ್ಯೆಯೇ ಆಸ್ತಿ. ಅದನ್ನು ಹಂಚಿಕೊಳ್ಳೆಂದು ಹೇಳುವುದು ಸುಲಭ, ಹಂಚಿಕೊಂಡವನ ಹೊಟ್ಟೆಪಾಡಿಗೆ ಹೊಣೆ ಯಾರೆಂದು ಕೇಳಿದಾಗ ಉತ್ತರ ಕೊಡುವುದು ಕಷ್ಟ. ಹಲಗೂರಿನ ಪ್ರಸಂಗವು ಮೊದಲನೆಯ ಪ್ರಶ್ನೆಯನ್ನು ಅದ್ಭುತವಾಗಿ ಕೇಳುತ್ತದೆ, ಎರಡನೆಯದನ್ನು ಕೇಳುವುದಿಲ್ಲ. ಕಾವ್ಯದಲ್ಲಿ ಹೆಚ್ಚಾಗಿ ಕೇಳಿಸದೆ ಉಳಿದ ಆ ದನಿಯನ್ನು ಇಪ್ಪತ್ತನೆಯ ಶತಮಾನದ ಚರಿತ್ರೆಯಲ್ಲಿ ಹುಡುಕಬೇಕು.

6

1963ರ ಜನವರಿಯಲ್ಲಿ ಜಾರಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರಟ್ಟಿಗಿಂತ ಹೆಚ್ಚಿನ ಶುದ್ಧತೆಯ ಆಭರಣಗಳ ತಯಾರಿಕೆಯನ್ನು ನಿಷೇಧಿಸಿದವು. ಚೀನಾ ಯುದ್ಧದ ಬಳಿಕ ವಿದೇಶಿ ವಿನಿಮಯವನ್ನು ಉಳಿಸುವ ಮತ್ತು ಕಳ್ಳಸಾಗಣೆಯನ್ನು ತಡೆಯುವ ಉದ್ದೇಶ ಅದರ ಹಿಂದಿತ್ತು. ಪರಿಣಾಮವಾಗಿ ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು, ಆತ್ಮಹತ್ಯೆಗಳೂ ವರದಿಯಾದವು. 14 ಕ್ಯಾರಟ್ಟಿನ ಮಿತಿಯನ್ನು ಮುಂದೆ ಕೈಬಿಡಲಾಯಿತಾದರೂ 1968ರ ಚಿನ್ನ ನಿಯಂತ್ರಣ ಕಾಯ್ದೆಯು 1990ರವರೆಗೆ ಉಳಿಯಿತು. ಮೀನಾಕಾರಿಗೆ ಸಂಬಂಧಿಸಿದಂತೆ ಈ ನಿಯಮಕ್ಕೆ ತಾಂತ್ರಿಕವಾದ ಅರ್ಥವೂ ಇತ್ತು. ತಾಮ್ರ ಹೆಚ್ಚಾಗಿ ಬೆರೆತ ಚಿನ್ನವು ಕುಲುಮೆಯ ಕಾವಿನಲ್ಲಿ ಕಪ್ಪಾಗುತ್ತದೆ, ಪಾರದರ್ಶಕ ಬಣ್ಣದ ಹೊಳಪು ಕುಂದುತ್ತದೆ. ಜಯಪುರದ ಕೆಂಪಿಗೆ ಹೆಚ್ಚು ಶುದ್ಧವಾದ ಚಿನ್ನವೇ ಬೇಕು. ಒಂದು ಆರ್ಥಿಕ ಆಜ್ಞೆಯು ಒಂದು ಬಣ್ಣದ ಸಾಧ್ಯತೆಯನ್ನೇ ಕಿತ್ತುಕೊಳ್ಳಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಇತ್ತೀಚಿನ ಕ್ರಮಗಳು ಇನ್ನೊಂದು ಬಗೆಯ ವಿಪರ್ಯಾಸವನ್ನು ಮುಂದಿಡುತ್ತವೆ. 2021ರ ಜೂನ್ 16ರಿಂದ ಚಿನ್ನದ ಆಭರಣಗಳಿಗೆ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಯಿತು. ಕುಂದಣ, ಪೋಲ್ಕಿ, ಜಡಾವು ಬಗೆಯ ಆಭರಣಗಳಿಗೆ ಇದರಿಂದ ವಿನಾಯಿತಿ ದೊರೆಯಿತು. ವರ್ಷಕ್ಕೆ 40 ಲಕ್ಷ ರೂಪಾಯಿಗಳವರೆಗಿನ ವಹಿವಾಟಿನವರಿಗೂ ವಿನಾಯಿತಿ ಸಿಕ್ಕಿತು. ಸಣ್ಣ ಊರಿನ ಅಕ್ಕಸಾಲಿಗನು ಹೀಗೆ ಕಾನೂನಿನ ಹಿಡಿತದಿಂದ ಹೊರಗುಳಿದನು. ಆದರೆ ಮುದ್ರೆಯುಳ್ಳ ಒಡವೆಯನ್ನೇ ಕೇಳಲು ಕಲಿತ ಗಿರಾಕಿಯ ಕಣ್ಣಿನಲ್ಲಿ ಈ ವಿನಾಯಿತಿಯೇ ಅವನಿಗೆ ಕೊರತೆಯಾಗಿ ಪರಿಣಮಿಸಬಹುದು. ಹಿಂದೆ ನಂಬಿಕೆ ಮನೆತನದ ಹೆಸರಿನ ಮೇಲೆ ನಿಂತಿತ್ತು, ಒರೆಗಲ್ಲು ಅದರ ಸಾಕ್ಷಿಯಾಗಿತ್ತು. ಈಗ ಆ ನಂಬಿಕೆಯು ಆರು ಅಕ್ಷರಾಂಕಗಳ ಗುರುತು ಸಂಖ್ಯೆಗೆ ವರ್ಗವಾಗಿದೆ. ಗ್ರಾಹಕನ ಹಿತದೃಷ್ಟಿಯಿಂದ ಇದು ಒಳ್ಳೆಯದೇ. ಗಾದೆಯ ಅನುಮಾನವನ್ನು ಕಳೆದುಕೊಳ್ಳಲು ಅಕ್ಕಸಾಲಿಗನಿಗೂ ಇದು ಅವಕಾಶ. ಆದರೆ ಆ ಮುದ್ರೆಯು ಚಿನ್ನದ ಶುದ್ಧತೆಯನ್ನು ಹೇಳುತ್ತದೆ, ಒಡವೆಯನ್ನು ಮಾಡಿದ ಕೈಯ ಹೆಸರನ್ನು ಹೇಳುವುದಿಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯು 18 ಕಸುಬುಗಳಲ್ಲಿ ಅಕ್ಕಸಾಲೆಯನ್ನೂ ಸೇರಿಸಿಕೊಂಡಿದೆ. ಗುರುಶಿಷ್ಯ ಪರಂಪರೆಯನ್ನು, ಕುಟುಂಬಾಧಾರಿತ ಕೌಶಲವನ್ನು ಬಲಪಡಿಸುವುದು ಅದರ ಘೋಷಿತ ಉದ್ದೇಶ. ಆದರೆ ಅದರ ಪ್ರಯೋಜನವು ಕುಟುಂಬದ ಒಬ್ಬ ಸದಸ್ಯನಿಗೆ ಸೀಮಿತ. ಹಣಕಾಸಿನ ಮಿತಿಯ ದೃಷ್ಟಿಯಿಂದ ಈ ನಿಯಮ ಅರ್ಥವಾಗುವಂಥದೇ. ಆದರೂ ಕಸುಬು ಕುಟುಂಬದ್ದು, ಕಸುಬುದಾರ ಮಾತ್ರ ಒಬ್ಬ ಎಂಬ ಎಣಿಕೆಯಲ್ಲಿ ಒಡವೆಗೆ ಒಪ್ಪ ಹಾಕುವ, ಮಣಿ ಪೋಣಿಸುವ, ಲೆಕ್ಕವಿಡುವ ಹೆಂಗಸರ ಶ್ರಮ ಎಲ್ಲಿ ದಾಖಲಾಗುತ್ತದೆ? ವಂಶವೃಕ್ಷವು ಮಣಿಹಾರನನ್ನೂ ಜಲಗಾರನನ್ನೂ ಬಿಟ್ಟಂತೆ, ಗಂಡು ಸಂತತಿಯ ಸಾಲಿನಲ್ಲಿ ಬರೆಯಲ್ಪಟ್ಟ ಮನೆತನದ ಚರಿತ್ರೆಯು ಮನೆಯ ಒಳಗಿನವರನ್ನೇ ಬಿಟ್ಟಿರುವ ಸಾಧ್ಯತೆಯಿದೆ.

ಇವುಗಳಿಗೆ ಹೋಲಿಸಿದರೆ ಭೌಗೋಳಿಕ ಸೂಚಿಕೆಯ ಕಲ್ಪನೆ ಭಿನ್ನವಾದುದು. 1999ರ ಕಾಯ್ದೆಯಡಿ ನಮ್ಮ ಬಿದರಿ ಕಲೆಯಂತೆ ವಾರಾಣಸಿಯ ಗುಲಾಬಿ ಮೀನಾಕಾರಿಗೂ ಈ ಮಾನ್ಯತೆ ದೊರೆತಿದೆ. ಬಿಳಿಯ ಮೀನಾ ನೆಲದ ಮೇಲೆ ಗುಲಾಬಿ ಬಣ್ಣದ ಹೂಗಳನ್ನು ಬರೆಯುವ ಕಲೆ ಅದು. ಭಾರತದ ಪ್ರಧಾನಿಯವರು 2022ರ ಜಿ-7 ಸಮಾವೇಶದಲ್ಲಿ ಅಮೆರಿಕದ ಅಧ್ಯಕ್ಷರಿಗೆ ಇದನ್ನು ಉಡುಗೊರೆಯಾಗಿ ಕೊಟ್ಟ ಮೇಲೆ ಇದರ ಹೆಸರು ದೂರದವರೆಗೆ ಹಬ್ಬಿತು. ಈ ಕಾಯ್ದೆಯು ಕಲೆಯ ಹಕ್ಕನ್ನು ಒಂದು ವಂಶಕ್ಕೆ ಕಟ್ಟದೆ ಒಂದು ಸ್ಥಳದ ಉತ್ಪಾದಕರ ಸಮೂಹಕ್ಕೆ ಕೊಡುತ್ತದೆ. ಅದೇ ಸ್ಥಳದಲ್ಲಿ ನಿಂತು ಕಲಿತವನು ಯಾವ ಮನೆಯವನಾದರೂ ಆ ಹೆಸರಿಗೆ ಅರ್ಹನಾಗಬಲ್ಲ. ಹಲಗೂರಿನ ಬಾಗಿಲಲ್ಲಿ ಸಿದ್ದಪ್ಪಾಜಿ ಕೇಳಿದ ಪ್ರಶ್ನೆಗೆ ಆಧುನಿಕ ಕಾನೂನು ಕೊಟ್ಟಿರುವ ಭಾಗಶಃ ಉತ್ತರ ಇದೆಂದು ಹೇಳಬಹುದು. ಭಾಗಶಃ ಏಕೆಂದರೆ, ಹೆಸರನ್ನು ರಕ್ಷಿಸುವ ಕಾನೂನು ಕೂಲಿಯನ್ನು ನಿಗದಿಪಡಿಸುವುದಿಲ್ಲ. ಕಾಯಿಸದೆ ಬಳಿಯುವ ಅಗ್ಗದ ರಾಳದ ಬಣ್ಣವನ್ನೂ ಮೀನಾ ಎಂದೇ ಮಾರುವ ಪೇಟೆಯಲ್ಲಿ ಬೆಂಕಿಯಲ್ಲಿ ಬೆಂದ ಬಣ್ಣಕ್ಕೆ ತಕ್ಕ ಬೆಲೆ ಬರುವ ಖಾತರಿಯನ್ನೂ ಕೊಡುವುದಿಲ್ಲ.

7

ಮೇಲಿನ ಚರ್ಚೆಯಿಂದ ಮೂರು ಅಂಶಗಳನ್ನು ಸಂಗ್ರಹಿಸಬಹುದು. ಒಂದು, ಕುಟುಂಬ ಪರಂಪರೆಯು ಕಲೆಯೊಂದರ ಮೌಲ್ಯಕ್ಕೆ ಪ್ರಮಾಣವಲ್ಲ. ಅದು ಜ್ಞಾನ ದಾಟಿಬಂದ ಒಂದು ಮಾರ್ಗ. ಆ ಮಾರ್ಗದಲ್ಲಿ ಏನು ದಾಟಿತು, ಏನು ದಾಟಲಿಲ್ಲ ಎಂಬುದನ್ನು ಪ್ರತಿ ಸಂದರ್ಭದಲ್ಲಿಯೂ ಪರಿಶೀಲಿಸಬೇಕು. ಎರಡು, ಯಾವ ಮನೆತನವೂ ತಾನೊಂದೇ ಒಂದು ಒಡವೆಯನ್ನು ಮಾಡಿಲ್ಲ. ಲಾಹೋರಿನ ಮಣಿಹಾರ, ಜಯಪುರದ ಕೆತ್ತನೆಗಾರ, ನಮ್ಮ ಊರುಗಳ ಜಲಗಾರ, ಮನೆಯ ಹೆಂಗಸರು ಇವರೆಲ್ಲ ಆ ಒಡವೆಯ ಕರ್ತೃಗಳೇ. ಮೂರು, ಗುಟ್ಟಿಗೆ ಕಾರಣವಾದ ಅಭದ್ರತೆಯನ್ನು ನಿವಾರಿಸದೆ ಗುಟ್ಟನ್ನು ಬಿಟ್ಟುಕೊಡೆಂದು ಕುಶಲಕರ್ಮಿಯನ್ನು ಕೇಳುವುದು ನ್ಯಾಯವಲ್ಲ.

ಈ ಹಿನ್ನೆಲೆಯಲ್ಲಿ ನಮ್ಮ ಅಕಾಡೆಮಿಗಳು ಹಾಗೂ ವಿಶ್ವವಿದ್ಯಾಲಯಗಳು ಕೈಗೊಳ್ಳುವ ದಾಖಲಾತಿಯ ಕ್ರಮ ಬದಲಾಗಬೇಕಾಗಿದೆ. ಕುಶಲಕರ್ಮಿಯ ಭಾವಚಿತ್ರ, ಪ್ರಶಸ್ತಿಗಳ ಪಟ್ಟಿ, ತಾತ ಮುತ್ತಾತಂದಿರ ಹೆಸರು ಇವಿಷ್ಟರಿಂದ ಕಸುಬು ಉಳಿಯದು. ಬೆಸುಗೆಗೆ ಬಿಳಿಗಾರವನ್ನು ಯಾವ ಹದದಲ್ಲಿ ಹಾಕುತ್ತಾರೆ, ಅರಗನ್ನು ಹೇಗೆ ತುಂಬುತ್ತಾರೆ, ಕಂಬಚ್ಚಿನಲ್ಲಿ ತಂತಿಯನ್ನು ಎಷ್ಟು ಸಲ ಎಳೆಯುತ್ತಾರೆ, ಕಾವನ್ನು ಯಾವ ಗುರುತಿನಿಂದ ಅರಿಯುತ್ತಾರೆ, ಒಂದು ಕರಡಿಗೆಗೆ ಎಷ್ಟು ದಿನ ಹಿಡಿಯುತ್ತದೆ, ಅದಕ್ಕೆ ಎಷ್ಟು ಕೂಲಿ ಸಲ್ಲುತ್ತದೆ, ಆ ಕೂಲಿಯಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನು ಅವರ ಮಾತಿನಲ್ಲಿಯೇ, ಅವರ ಒಪ್ಪಿಗೆಯಿಂದ, ಸೂಕ್ತ ಸಂಭಾವನೆ ಕೊಟ್ಟು ದಾಖಲಿಸಬೇಕು. ಕರಗಿಸಲು ತಂದ ಹಳೆಯ ಒಡವೆಯ ಚಿತ್ರವನ್ನು ತೂಕ ಅಳತೆಗಳೊಡನೆ ತೆಗೆದಿಡುವ ಸರಳ ಏರ್ಪಾಟು ತಾಲ್ಲೂಕು ಮಟ್ಟದಲ್ಲಿ ಆದರೂ ಸಾಕು, ಮುಂದಿನ ಸಂಶೋಧಕರಿಗೆ ದೊಡ್ಡ ಆಕರ ಒದಗುತ್ತದೆ. ಅಬುಲ್ ಫಜಲನು ಕೆಲಸ ಮತ್ತು ಕೂಲಿಯನ್ನು ಬರೆದು ಹೆಸರನ್ನು ಬಿಟ್ಟನು. ನಮ್ಮ ದಾಖಲೆಗಳಲ್ಲಿ ಕೆಲಸ, ಕೂಲಿ, ಹೆಸರು ಮೂರೂ ಒಂದೇ ಪುಟದಲ್ಲಿ ಇರಬೇಕು.

ಮಂಟೇಸ್ವಾಮಿ ಪರಂಪರೆಯ ನೀಲಗಾರರು ಹಲಗೂರಿನ ಪ್ರಸಂಗವನ್ನು ತಂಬೂರಿ, ಗಗ್ಗರ, ತಾಳಗಳೊಡನೆ ಹಾಡುತ್ತಾರೆ. ಪಾಂಚಾಳರನ್ನು ಪ್ರಶ್ನಿಸುವ ಈ ಹಾಡಿಗೆ ಲಯ ಕೊಡುವ ಗಗ್ಗರ ಮತ್ತು ತಾಳಗಳನ್ನು ಎರಕ ಹೊಯ್ದು ಹದಗೊಳಿಸುವುದು ಲೋಹದ ಕಸುಬಿನವರ ಕೈ. ಕಸುಬಿನ ಮನೆಗೂ ಅದರ ಬಾಗಿಲಲ್ಲಿ ನಿಂತವರಿಗೂ ಇರುವ ಸಂಬಂಧದಲ್ಲಿ ವಿರೋಧದಷ್ಟೇ ಅವಲಂಬನೆಯೂ ಇದೆ. ಕುಲಕಸುಬನ್ನು ಕುರಿತ ಸಂಶೋಧನೆಯು ಈ ಎರಡನ್ನೂ ಒಟ್ಟಿಗೆ ಕಾಣುವಂತಾದರೆ, ಜಯಪುರದ ಮೀನಾಕಾರಿಯನ್ನಾಗಲಿ ಸಂತೆಮರಹಳ್ಳಿ ಸೀಮೆಯ ಅಕ್ಕಸಾಲೆಯನ್ನಾಗಲಿ ಕೇವಲ ಪ್ರಶಂಸೆಯ ವಸ್ತುವಾಗಿ ನೋಡುವ ಸ್ಥಿತಿಯಿಂದ ನಮ್ಮ ವಿಮರ್ಶೆಯು ಮುಂದೆ ಸಾಗುತ್ತದೆ.